ಎದ್ದು ಎದ್ದು ಬೀಳುವ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮುನ್ನ ನೋಡಬೇಕಾದ್ದು

ಇಂಥದೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ಬೆಳಗಾದರೆ ಕಾಲೇಜಿನಲ್ಲಿ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಊಟ ಮುಗಿಸಿ ಬಂದ ಮಗಳು ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಕಂಪನಿಯ ಲಾಂಛನ ಮೂಡುತ್ತದೆ, ಅದರ ಕೆಳಗೆ ಬಿಳಿ ಚುಕ್ಕಿಗಳು ಸುತ್ತತೊಡಗುತ್ತವೆ. ಇನ್ನೇನು ತೆರೆದುಕೊಂಡಿತು ಎನ್ನುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಮತ್ತೆ ಲಾಂಛನ, ಮತ್ತೆ ಚುಕ್ಕಿಗಳು, ಮತ್ತೆ ಕತ್ತಲೆ.

“ಅಮ್ಮಾ, ಇದು ಮತ್ತೆ ಮತ್ತೆ ಮೊದಲಿಂದಲೇ ಶುರು ಮಾಡ್ತಿದೆ!”

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡೇ.”

“ಅದೆಲ್ಲ ಆಯ್ತಮ್ಮಾ.”

ಪಕ್ಕದ ಬೀದಿಯ ರಿಪೇರಿ ಅಂಗಡಿಗೆ ಫೋನ್ ಹೋಗುತ್ತದೆ. “ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ ಮೇಡಂ, ನಾಳೆ ತಂದ್ಕೊಡಿ” ಎಂಬ ಉತ್ತರ ಬರುತ್ತದೆ. ಮೂರು ತಿಂಗಳಿಂದ ಸಿದ್ಧಪಡಿಸಿದ ಟಿಪ್ಪಣಿ, ಕೋಷ್ಟಕ, ಚಿತ್ರಗಳೆಲ್ಲ ಆ ಪೆಟ್ಟಿಗೆಯೊಳಗೇ ಇವೆಯೆಂಬುದು ಅಂಗಡಿಯವರಿಗೆ ಗೊತ್ತಿಲ್ಲ. ಫಾರ್ಮ್ಯಾಟ್ ಎಂದರೆ ಅವೆಲ್ಲ ಅಳಿಸಿಹೋಗುತ್ತವೆ ಎಂಬುದು ತಾಯಿಗೆ ಗೊತ್ತಿಲ್ಲ. ಎರಡೂ ಗೊತ್ತಿರುವ ಮಗಳು ಅಳುವುದೊಂದೇ ಬಾಕಿ.

ಕಂಪ್ಯೂಟರ್ ಇರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ಆದರೆ ಹೀಗೆ ಎದ್ದು ಎದ್ದು ಬೀಳುವ ಕಂಪ್ಯೂಟರ್ ಕೆಟ್ಟು ಮೂಲೆಗೆ ಸೇರಬೇಕಾದ ಯಂತ್ರವೇನಲ್ಲ. ತಾನು ಎಲ್ಲಿ ಎಡವುತ್ತಿದ್ದೇನೆ ಎಂಬುದನ್ನು ಅದು ಪ್ರತಿಸಲವೂ ತೋರಿಸುತ್ತಿರುತ್ತದೆ. ಸಾಮಾನ್ಯವಾಗಿ ಅದರಲ್ಲಿರುವ ಬರಹ, ಚಿತ್ರಗಳೂ ಸುರಕ್ಷಿತವಾಗಿಯೇ ಇರುತ್ತವೆ. ಅವುಗಳಿಗೆ ಹೆಚ್ಚಿನ ಅಪಾಯ ಬರುವುದು ದೋಷದಿಂದಲ್ಲ, ದೋಷ ಏನೆಂದು ನೋಡುವ ಮೊದಲೇ ಮಾಡುವ ಚಿಕಿತ್ಸೆಯಿಂದ.

ಗುಂಡಿ ಒತ್ತಿದ ಮೇಲೆ ಏನಾಗುತ್ತದೆ?

ಕಂಪ್ಯೂಟರ್ ಆರಂಭವಾಗುವುದನ್ನು ‘ಬೂಟ್’ ಆಗುವುದು ಎನ್ನುತ್ತಾರೆ. ತಾನು ಹಾಕಿಕೊಂಡ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಈ ಪದ ಬಂತು. ಏನೂ ತಿಳಿಯದ ಸ್ಥಿತಿಯಲ್ಲಿರುವ ಯಂತ್ರ, ಹೊರಗಿನವರ ಸಹಾಯವಿಲ್ಲದೆ ತಾನೇ ಹಂತಹಂತವಾಗಿ ಎದ್ದು ನಿಲ್ಲಬೇಕು. ಈ ಏಳುವಿಕೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ.

ಮೊದಲನೆಯದು ವಿದ್ಯುತ್ತಿನದು. ಮನೆಯ ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಲೋಹದ ಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಈ ಮೂರೂ ಸರಿಯಾದ ಮಟ್ಟದಲ್ಲಿ ನಿಂತ ಮೇಲೆ, ಅರ್ಧ ಸೆಕೆಂಡಿನೊಳಗೆ, ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಈ ಸಂಕೇತ ಬಾರದೆ ಪ್ರೊಸೆಸರ್ ಕೆಲಸ ಆರಂಭಿಸುವುದಿಲ್ಲ. ನಡುವೆ ವೋಲ್ಟೇಜ್ ಕುಸಿದು ಸಂಕೇತ ನಿಂತರೆ, ಮದರ್‌ಬೋರ್ಡ್ ಪ್ರೊಸೆಸರನ್ನು ತಡೆದು ಮೊದಲ ಸ್ಥಿತಿಗೆ ತರುತ್ತದೆ.

ಎರಡನೆಯದು ಸ್ವಯಂ ಪರೀಕ್ಷೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ ಎಚ್ಚೆತ್ತು, ರ್‍ಯಾಮ್ ಇದೆಯೇ, ಪರದೆಗೆ ಚಿತ್ರ ಕಳಿಸುವ ಭಾಗ ಇದೆಯೇ, ಕೀಲಿಮಣೆ ಇದೆಯೇ ಎಂದು ತರಗತಿಯ ಉಪಾಧ್ಯಾಯರಂತೆ ಹಾಜರಿ ಕೂಗುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿಯೂ ಈ ಹಾಜರಿ ಇತ್ತು. ಇಂದಿನ ಯಂತ್ರಗಳಲ್ಲಿ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಬಂದಿದ್ದರೂ ಕೆಲಸ ಅದೇ, ಬಾಯಿಮಾತಿನ ಹೆಸರೂ ಬಯಾಸ್ ಎಂದೇ.

ಮೂರನೆಯ ಮೆಟ್ಟಿಲಲ್ಲಿ ಬಯಾಸ್ ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸ್‌ಗೆ ಅಧಿಕಾರ ಒಪ್ಪಿಸುತ್ತದೆ. ಚುಕ್ಕಿಗಳು ಸುತ್ತುವುದು ಆಗ. ವಿಂಡೋಸ್ ತನ್ನ ಮುಖ್ಯ ಭಾಗಗಳನ್ನೂ, ಪ್ರತಿಯೊಂದು ಬಿಡಿಭಾಗದ ಜೊತೆ ವ್ಯವಹರಿಸುವ ಡ್ರೈವರ್ ಎಂಬ ತಂತ್ರಾಂಶಗಳನ್ನೂ ಒಂದೊಂದಾಗಿ ರ್‍ಯಾಮ್‌ಗೆ ತುಂಬಿಕೊಳ್ಳುತ್ತದೆ. ನಾಲ್ಕನೆಯದು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಮೇಲಿನದು. ತಾವಾಗಿಯೇ ಆರಂಭವಾಗುವ ಹತ್ತಾರು ತಂತ್ರಾಂಶಗಳು ಒಟ್ಟಿಗೇ ಏಳುತ್ತವೆ, ಪ್ರೊಸೆಸರ್ ಮೇಲೆ ಹೊರೆ ಬೀಳುತ್ತದೆ.

ಸುಮ್ಮನೆ ನಿಲ್ಲದೆ ಮತ್ತೆ ಆರಂಭವಾಗುವುದೇಕೆ ಎಂಬುದಕ್ಕೂ ಉತ್ತರವಿದೆ. ವಿಂಡೋಸ್‌ನ ಒಳತಿರುಳಿನಲ್ಲಿ ತಪ್ಪಾದರೆ, ಮುಂದುವರಿದರೆ ಕಡತಗಳು ಹಾಳಾದಾವು ಎಂದು ಅದು ಕೆಲಸ ನಿಲ್ಲಿಸಿ, ತಪ್ಪಿನ ಹೆಸರನ್ನು ಪರದೆಯ ಮೇಲೆ ಬರೆಯುತ್ತದೆ. 2001ರಲ್ಲಿ ಬಂದ ಎಕ್ಸ್‌ಪಿಯ ಕಾಲದಿಂದಲೂ ಇಂಥ ತಪ್ಪಾದಾಗ ತಾನಾಗಿಯೇ ಮರುಚಾಲನೆಗೊಳ್ಳುವ ಏರ್ಪಾಡು ಅದರಲ್ಲಿದೆ. ತಪ್ಪು ಒಮ್ಮೆ ಮಾತ್ರ ಬಂದದ್ದಾದರೆ ಇದರಿಂದ ಅನುಕೂಲ. ಪ್ರತಿಸಲವೂ ಬರುವ ತಪ್ಪಾದರೆ, ಸಂದೇಶ ಓದುವ ಮೊದಲೇ ಯಂತ್ರ ಮತ್ತೆ ಹೊರಟು ಅದೇ ಕಲ್ಲಿಗೆ ಎಡವುತ್ತದೆ.

ಮೊದಲು ನೋಡಿ, ಆಮೇಲೆ ಮುಟ್ಟಿ

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತು, ಅದು ಎರಡು ಸಲ ಬೀಳುವುದನ್ನು ಗಮನವಿಟ್ಟು ನೋಡಬೇಕು. ಗುಂಡಿ ಒತ್ತಿ ಎಷ್ಟು ಸೆಕೆಂಡಿಗೆ ಬಿತ್ತು? ಬೀಳುವಾಗ ಪರದೆಯ ಮೇಲೆ ಏನಿತ್ತು? ಪ್ರತಿಸಲವೂ ಅದೇ ಜಾಗವೋ, ಬೇರೆ ಬೇರೆಯೋ? ಬೀಪ್ ಸದ್ದು ಬಂತೇ? ಹೊಸದಾಗಿ ಏನಾದರೂ ಜೋಡಿಸಿದ್ದು, ಹಾಕಿಕೊಂಡದ್ದು ಉಂಟೇ? ಮನೆಯವರೆಲ್ಲರನ್ನೂ ಕೇಳಿ ಇದನ್ನು ಬರೆದಿಡಬೇಕು. ಈ ಹಾಳೆಯೇ ರೋಗಿಯ ಚೀಟಿ.

ಲಾಂಛನವೂ ಮೂಡದೆ ಒಂದೆರಡು ಸೆಕೆಂಡಿನಲ್ಲೇ ಬೀಳುತ್ತಿದ್ದರೆ ವಿದ್ಯುತ್, ರ್‍ಯಾಮ್ ಅಥವಾ ಎಲ್ಲೋ ಆಗಿರುವ ಶಾರ್ಟ್ ಸರ್ಕ್ಯೂಟಿನ ಮೇಲೆ ಅನುಮಾನ ಪಡಬೇಕು. ಲಾಂಛನ ಬಂದು, ಚುಕ್ಕಿ ಬಾರದೆ ಬೀಳುತ್ತಿದ್ದರೆ ರ್‍ಯಾಮ್, ಬಯಾಸ್ ಹೊಂದಾಣಿಕೆ ಅಥವಾ ಯುಎಸ್‌ಬಿಗೆ ಸಿಕ್ಕಿಸಿದ ಯಾವುದಾದರೂ ವಸ್ತು ಕಾರಣವಿರಬಹುದು. ಚುಕ್ಕಿ ಸುತ್ತುವಾಗ ಬೀಳುತ್ತಿದ್ದರೆ ಡ್ರೈವರ್, ವಿಂಡೋಸ್ ಕಡತ ಅಥವಾ ಡಿಸ್ಕ್ ಕಾರಣವಿರುವುದು ಹೆಚ್ಚು. ಒಳಗೆ ಹೋದ ಮೇಲೆ ಬೀಳುತ್ತಿದ್ದರೆ ತಾನಾಗಿ ಏಳುವ ತಂತ್ರಾಂಶ, ವೈರಸ್, ಅಥವಾ ಹೊರೆ ಬಿದ್ದಾಗ ಏರುವ ಶಾಖವನ್ನು ಶಂಕಿಸಬೇಕು. ಪ್ರತಿಸಲ ಒಂದೊಂದು ಕಡೆ ಬೀಳುತ್ತಿದ್ದರೆ ತಪ್ಪು ತಂತ್ರಾಂಶದ್ದಾಗಿರುವುದು ಕಡಿಮೆ. ವಿದ್ಯುತ್, ಶಾಖ, ರ್‍ಯಾಮ್‌ಗಳೇ ಹೀಗೆ ಗೊತ್ತುಗುರಿಯಿಲ್ಲದೆ ಕಾಡುವಂಥವು.

ಕಾಸಿಲ್ಲದ ಪರೀಕ್ಷೆ

ದೋಷ ಯಂತ್ರದಲ್ಲೋ, ವಿಂಡೋಸ್‌ನಲ್ಲೋ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಗುಂಡಿ ಒತ್ತಿದ ಕೂಡಲೇ ‘ಡಿಲೀಟ್’ ಅಥವಾ ‘ಎಫ್2’ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ಬಯಾಸ್‌ನ ಪುಟ ತೆರೆಯುತ್ತದೆ. ಅಲ್ಲಿ ಏನನ್ನೂ ಬದಲಿಸದೆ ಹದಿನೈದು ನಿಮಿಷ ಹಾಗೇ ಬಿಡಬೇಕು. ಈ ಹೊತ್ತಿನಲ್ಲಿ ವಿಂಡೋಸ್ ಇನ್ನೂ ನಿದ್ದೆಯಲ್ಲಿರುತ್ತದೆ. ಹಾಗಿದ್ದೂ ಕಂಪ್ಯೂಟರ್ ಬಿದ್ದರೆ ದೋಷ ಯಂತ್ರದ್ದೇ. ಆಗ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಬೀಳದೆ ನಿಂತರೆ ಅನುಮಾನ ವಿಂಡೋಸ್ ಮತ್ತು ಡಿಸ್ಕಿನ ಕಡೆ ತಿರುಗುತ್ತದೆ. ಬಯಾಸ್ ಪುಟದಲ್ಲಿ ಯಂತ್ರದ ಮೇಲೆ ಹೆಚ್ಚು ಹೊರೆಯಿಲ್ಲದ ಕಾರಣ ಇದು ಕೊನೆಯ ತೀರ್ಪೇನಲ್ಲ, ಆದರೆ ಒಳ್ಳೆಯ ದಿಕ್ಸೂಚಿ.

ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಅದೇ ಪುಟದಲ್ಲಿ ಪ್ರೊಸೆಸರಿನ ಶಾಖವೂ ವೋಲ್ಟೇಜೂ ಕಾಣುತ್ತವೆ. 12 ವೋಲ್ಟ್ ಇರಬೇಕಾದಲ್ಲಿ ಶೇಕಡ 5ರಷ್ಟು ಆಚೀಚೆ, ಅಂದರೆ 11.4ರಿಂದ 12.6ರವರೆಗೆ, ಸಹ್ಯ. ಕೆಲಸವಿಲ್ಲದೆ ಕುಳಿತಿರುವಾಗಲೂ ಶಾಖ 80-90 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಫ್ಯಾನ್ ನಿಂತಿದೆ, ದೂಳು ಕಟ್ಟಿದೆ, ಇಲ್ಲವೇ ಪ್ರೊಸೆಸರಿಗೂ ಅದರ ಮೇಲಿನ ಲೋಹದ ತಂಪುಕಾರಕಕ್ಕೂ ನಡುವಿನ ಲೇಪ ಒಣಗಿದೆ. ಶಾಖ 100 ಡಿಗ್ರಿಯ ಆಸುಪಾಸಿಗೆ ಬಂದರೆ ಪ್ರೊಸೆಸರ್ ಮೊದಲು ನಿಧಾನಿಸುತ್ತದೆ, ಅಲ್ಲಿಗೂ ತಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಕೆಲಸವನ್ನೇ ನಿಲ್ಲಿಸುತ್ತದೆ.

ಯಂತ್ರದ ದೋಷವಾದರೆ

ಸುಲಭವಾದದ್ದು ಮೊದಲು. ಪ್ರಿಂಟರ್, ಪೆನ್‌ಡ್ರೈವ್, ವೆಬ್ ಕ್ಯಾಮೆರಾ ಎಲ್ಲವನ್ನೂ ಕಳಚಿ, ಕೀಲಿಮಣೆ, ಮೌಸ್, ಮಾನಿಟರ್ ಮಾತ್ರ ಉಳಿಸಿಕೊಂಡು ನೋಡಬೇಕು. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ಗೋಡೆಯ ಸಾಕೆಟ್ಟಿಗೇ ಒಮ್ಮೆ ಜೋಡಿಸಿ ನೋಡಬೇಕು. ಯುಪಿಎಸ್‌ನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಕರೆಂಟು ಏರಿಳಿದ ಪ್ರತಿಸಲ ಕಂಪ್ಯೂಟರ್ ಬೀಳುತ್ತಿದ್ದರೆ ತಪ್ಪು ಕಂಪ್ಯೂಟರಿನದಲ್ಲದಿರಬಹುದು. ಸಂಜೆ ಮಾತ್ರ, ಅಥವಾ ಪಂಪ್‌ಸೆಟ್ ಚಾಲೂ ಆದಾಗ ಮಾತ್ರ ಹೀಗಾಗುತ್ತಿದ್ದರೆ ಅದನ್ನೂ ಹಾಳೆಯಲ್ಲಿ ಬರೆಯಬೇಕು. ಕೆಲವೊಮ್ಮೆ ಒತ್ತಿದ ಗುಂಡಿಯೇ ಒಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ನಾಲ್ಕೈದು ಸೆಕೆಂಡು ಒತ್ತಿಹಿಡಿದರೆ ಕಂಪ್ಯೂಟರ್ ನಿಲ್ಲುವುದರಿಂದ ಈ ಸಣ್ಣ ದೋಷ ದೊಡ್ಡ ರೋಗದಂತೆ ಕಾಣುತ್ತದೆ.

ಡೆಸ್ಕ್‌ಟಾಪ್ ತೆರೆಯುವ ಧೈರ್ಯವಿದ್ದವರು ಮೊದಲು ಪ್ಲಗ್ ಕಿತ್ತು, ಲೋಹದ ಕವಚವನ್ನು ಕೈಯಿಂದ ಮುಟ್ಟಿ ಮೈಯಲ್ಲಿರಬಹುದಾದ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ರ್‍ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಎನ್ನುವಂತೆ ಮತ್ತೆ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದನ್ನೇ ಇಟ್ಟು ನೋಡಿ, ಆಮೇಲೆ ಇನ್ನೊಂದನ್ನು ನೋಡಬೇಕು. ತುದಿ ಉಬ್ಬಿದ ಸಣ್ಣ ಕೊಳವೆಯಾಕಾರದ ಕೆಪಾಸಿಟರ್‌ಗಳು ಮದರ್‌ಬೋರ್ಡಿನಲ್ಲಿ ಕಂಡರೆ ಅದೂ ಒಂದು ಸುಳಿವು. 2000ದ ದಶಕದ ಆರಂಭದ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳಿಂದಾಗಿ ಜಗತ್ತಿನ ಹಲವೆಡೆ ಅಸಂಖ್ಯ ಮದರ್‌ಬೋರ್ಡುಗಳು ಹೀಗೆಯೇ ಹಾಳಾದವು.

ಒಂದನ್ನು ಮಾತ್ರ ಎಂದಿಗೂ ತೆರೆಯಬಾರದು. ಅದು ಎಸ್‌ಎಂಪಿಎಸ್. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅನುಮಾನ ಬಂದರೆ ಅಂಗಡಿಯಲ್ಲಿ ಬೇರೊಂದನ್ನು ಜೋಡಿಸಿ ನೋಡುವುದೇ ದಾರಿ. ಲ್ಯಾಪ್‌ಟಾಪ್ ಆದರೆ ಬಿಚ್ಚುವ ಗೋಜಿಗೆ ಹೋಗದೆ, ಆಫ್ ಮಾಡಿ ಚಾರ್ಜರ್ ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಆರಂಭಿಸಿ ನೋಡುವಷ್ಟು ಸಾಕು.

ವಿಂಡೋಸ್ ಎಡವಿದಾಗ

ವಿಂಡೋಸ್ 10 ಮತ್ತು 11ರಲ್ಲಿ ಎರಡು ಸಲ ಆರಂಭ ವಿಫಲವಾದರೆ ಸಾಮಾನ್ಯವಾಗಿ ನೀಲಿ ಬಣ್ಣದ ದುರಸ್ತಿ ಪುಟವೊಂದು ತಾನಾಗಿಯೇ ತೆರೆಯುತ್ತದೆ. ಇದನ್ನು ಕಂಡು ಹೆದರಿ ಆಫ್ ಮಾಡುವವರೇ ಹೆಚ್ಚು. ಆದರೆ ಅದೇ ಸಹಾಯಕ್ಕೆ ಬಂದ ಪುಟ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಎಂಬ ಕ್ರಮದಲ್ಲಿ ಹೋದರೆ ಅಂಕಿಗಳ ಪಟ್ಟಿ ಬರುತ್ತದೆ. 9 ಒತ್ತಿದರೆ ಆ ಸಲದ ಮಟ್ಟಿಗೆ ತಾನಾಗಿ ಮರುಚಾಲನೆಗೊಳ್ಳುವುದು ನಿಲ್ಲುತ್ತದೆ. ಆಗ ತಪ್ಪಿನ ಹೆಸರು ಪರದೆಯ ಮೇಲೆ ನಿಲ್ಲುತ್ತದೆ, ಬರೆದುಕೊಳ್ಳಬಹುದು. 4 ಒತ್ತಿದರೆ ‘ಸೇಫ್ ಮೋಡ್’. ಅದರಲ್ಲಿ ವಿಂಡೋಸ್ ಅತ್ಯಗತ್ಯ ಡ್ರೈವರ್‌ಗಳನ್ನು ಮಾತ್ರ ಕಟ್ಟಿಕೊಂಡು ಏಳುತ್ತದೆ. ಸೇಫ್ ಮೋಡ್‌ನಲ್ಲಿ ಎದ್ದು ನಿಂತಿತು ಎಂದರೆ ವಿಂಡೋಸ್‌ನ ಬೇರು ಗಟ್ಟಿಯಿದೆ, ಆಮೇಲೆ ಸೇರಿಕೊಂಡ ಯಾವುದೋ ಒಂದು ಡ್ರೈವರ್ ಅಥವಾ ತಂತ್ರಾಂಶ ಅದನ್ನು ಬೀಳಿಸುತ್ತಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಇತ್ತೀಚೆಗೆ ಹಾಕಿದ್ದನ್ನು ತೆಗೆಯುವುದು, ಕೊನೆಯ ಅಪ್‌ಡೇಟನ್ನು ಹಿಂದೆ ಸರಿಸುವುದು, ‘ಸಿಸ್ಟಂ ರೀಸ್ಟೋರ್’ ಮೂಲಕ ಹಿಂದಿನ ಒಂದು ದಿನದ ಸ್ಥಿತಿಗೆ ಮರಳುವುದು ಮುಂದಿನ ಹೆಜ್ಜೆಗಳು.

ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿರಬಹುದು. ದುರಸ್ತಿ ಪುಟ 48 ಅಂಕಿಗಳ ಕೀಲಿಯನ್ನು ಕೇಳಿದರೆ ಗಾಬರಿ ಬೇಡ. ಮೈಕ್ರೋಸಾಫ್ಟ್ ಖಾತೆಯಿಂದ ಕಂಪ್ಯೂಟರ್ ಬಳಸುತ್ತಿದ್ದರೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ಇನ್ನೂ ಜಾಣತನ. ಕೀಲಿ ಕಳೆದರೆ ಡಿಸ್ಕಿನಲ್ಲಿರುವುದನ್ನು ಯಾರೂ ತೆರೆಯಲಾರರು.

ಜಗತ್ತಿಗೇ ಬಂದ ಅದೇ ಕಾಯಿಲೆ

ಈ ತೊಂದರೆ ಮನೆಯ ಕಂಪ್ಯೂಟರಿಗಷ್ಟೇ ಬರುವುದಲ್ಲ. 2024ರ ಜುಲೈ 19ರ ಶುಕ್ರವಾರ ಭಾರತೀಯ ವೇಳೆ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ತಂತ್ರಾಂಶ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಸಣ್ಣ ಕಡತ ಕಳಿಸಿತು. ಅದರಲ್ಲಿ ದೋಷವಿತ್ತು. ಕಂಪನಿ 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟಿದ್ದವು. ಅವುಗಳಲ್ಲಿ ಅನೇಕವು ಏಳುವುದು, ನೀಲಿ ಪರದೆ ತೋರುವುದು, ಮತ್ತೆ ಏಳುವುದು ಎಂಬ ಚಕ್ರಕ್ಕೆ ಸಿಕ್ಕಿಕೊಂಡವು. ಆಸ್ಪತ್ರೆ, ಬ್ಯಾಂಕು, ವಿಮಾನ ಸಂಸ್ಥೆಗಳ ಕೆಲಸ ನಿಂತಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು.

ಅಷ್ಟು ದೊಡ್ಡ ಕಾಯಿಲೆಗೆ ಮದ್ದು ಏನು? ಕೆಟ್ಟ ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಅಥವಾ ದುರಸ್ತಿ ಪುಟದಲ್ಲಿ ಎಬ್ಬಿಸು, ಆ ಒಂದು ಕಡತವನ್ನು ಅಳಿಸು, ಮತ್ತೆ ಆರಂಭಿಸು. ಡಿಸ್ಕ್ ಅಳಿಸಬೇಕಾಗಿರಲಿಲ್ಲ, ಯಂತ್ರ ಬದಲಿಸಬೇಕಾಗಿರಲಿಲ್ಲ. ತಪ್ಪು ಎಲ್ಲಿದೆಯೆಂದು ತಿಳಿದಿದ್ದರಿಂದ ಒಂದು ಕಡತ ತೆಗೆದರೆ ಸಾಕಾಯಿತು. ಬೀಗದ ಕೀಲಿ ಬರೆದಿಟ್ಟುಕೊಳ್ಳದಿದ್ದ ಕಚೇರಿಗಳು ಮಾತ್ರ ಅಲ್ಲಿಯೂ ಹೆಚ್ಚು ಒದ್ದಾಡಿದವು.

ಅಂಗಡಿಗೆ ಹೋಗುವ ಮುನ್ನ

ಸೇಫ್ ಮೋಡ್‌ನಲ್ಲಿ ಎದ್ದರೆ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ. ಬೇಕಾದ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳುವುದು. ಅಲ್ಲಿಯೂ ಏಳದಿದ್ದರೆ ಇನ್ನೂ ಎರಡು ದಾರಿಗಳಿವೆ. ಉಬುಂಟುವಿನಂಥ ಲಿನಕ್ಸನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದರಿಂದಲೇ ಈ ಕಂಪ್ಯೂಟರನ್ನು ಆರಂಭಿಸಬಹುದು. ‘ಟ್ರೈ’ ಎಂಬುದನ್ನು ಆರಿಸಿಕೊಂಡು, ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದಿದ್ದರೆ ಡಿಸ್ಕಿನಲ್ಲಿದ್ದದ್ದು ಹಾಗೇ ಇರುತ್ತದೆ. ಇಲ್ಲವೇ ಡಿಸ್ಕನ್ನೇ ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲಿಸಿಕೊಳ್ಳಬಹುದು. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆರಂಭಿಸಿ ನೋಡುವ ಆಸೆ ಬಿಟ್ಟು ತಕ್ಷಣ ಆಫ್ ಮಾಡಬೇಕು. ಪ್ರತಿ ಪ್ರಯತ್ನವೂ ಅದನ್ನು ಇನ್ನಷ್ಟು ಕೆಡಿಸಬಹುದು.

ಅಂಗಡಿಗೆ ಒಯ್ದಾಗ ತಂದೆತಾಯಂದಿರು ಕೇಳಬೇಕಾದದ್ದು ಮೂರೇ ಮಾತು. ದೋಷ ಇಲ್ಲಿದೆ ಎಂದು ಹೇಗೆ ಗೊತ್ತಾಯಿತು? ಫಾರ್ಮ್ಯಾಟ್ ಮಾಡುವುದಾದರೆ ನಮ್ಮ ಕಡತಗಳನ್ನು ಮೊದಲು ತೆಗೆದಿಟ್ಟು ತೋರಿಸುವಿರಾ? ಬದಲಿಸಿದ ಹಳೆಯ ಭಾಗವನ್ನು ವಾಪಸು ಕೊಡುವಿರಾ? ಹಾಳೆಯಲ್ಲಿ ಬರೆದ ವಿವರವನ್ನೂ ಕೊಟ್ಟರೆ ಒಳ್ಳೆಯ ಮೆಕ್ಯಾನಿಕ್ ಸಂತೋಷವನ್ನೇ ಪಡುತ್ತಾರೆ, ಅವರ ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ. “ವಿಂಡೋಸ್ 10 ಹಳೆಯದಾಯಿತು, ಅದಕ್ಕೇ ಹೀಗೆ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ” ಎಂಬ ಮಾತನ್ನು ಮಾತ್ರ ಹಾಗೇ ನಂಬಬೇಕಾಗಿಲ್ಲ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡದ್ದು ನಿಜ, ಸುರಕ್ಷತೆಯ ದೃಷ್ಟಿಯಿಂದ ಯೋಚಿಸಬೇಕಾದದ್ದೂ ನಿಜ. ಆದರೆ ಬೆಂಬಲ ನಿಂತಿತೆಂದು ಕಂಪ್ಯೂಟರ್ ಎದ್ದು ಬೀಳತೊಡಗುವುದಿಲ್ಲ.

ಪಿಯುಸಿಯಲ್ಲಿ ವಿಜ್ಞಾನ ಓದುವವರು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡುವುದು ಹೀಗೆಯೇ. ಕೊಟ್ಟ ಲವಣ ಯಾವುದೆಂದು ಊಹಿಸಿ ಬರೆದರೆ ಅಂಕ ಸಿಗುವುದಿಲ್ಲ. ಕ್ರಮವಾಗಿ ಒಂದೊಂದು ಪರೀಕ್ಷೆ ಮಾಡಿ, ಇದಲ್ಲ, ಇದಲ್ಲ ಎಂದು ಬಿಡುತ್ತ ಉಳಿದದ್ದನ್ನು ಗುರುತಿಸಬೇಕು. ಕಂಪ್ಯೂಟರಿನ ವಿಷಯದಲ್ಲೂ ನಿಯಮ ಅದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ನಾಳೆ ಮತ್ತೆ ಕೆಟ್ಟರೆ ಮತ್ತೆ ಮೊದಲಿಂದ ಹುಡುಕಾಟ.

ಆ ರಾತ್ರಿಯ ಮನೆಗೆ ಮರಳೋಣ. ಹಾಳೆಯ ಮೇಲೆ ಮಗಳು ಬರೆದ ಸಾಲುಗಳು ಇಷ್ಟೇ: ಪ್ರತಿಸಲವೂ ಚುಕ್ಕಿ ಸುತ್ತುವಾಗಲೇ ಬೀಳುತ್ತಿದೆ. ಬಯಾಸ್ ಪುಟದಲ್ಲಿ ಕಾಲು ಗಂಟೆ ಬೀಳದೆ ನಿಂತಿತು. ಮಧ್ಯಾಹ್ನ ಹೊಸ ವೈಫೈ ಅಡಾಪ್ಟರ್ ಸಿಕ್ಕಿಸಿ ಅದರ ಡ್ರೈವರ್ ಹಾಕಿದ್ದೆ. ಅಡಾಪ್ಟರನ್ನು ಕಿತ್ತರೂ ಗುಣ ಕಾಣಲಿಲ್ಲ. ಹಿಂದೆ ಎರಡು ಸಲ ಹೆದರಿ ಆಫ್ ಮಾಡಿದ್ದ ನೀಲಿ ಪುಟ ಮತ್ತೆ ಬಂದಾಗ ಈ ಸಲ ಅವಳು ಆಫ್ ಮಾಡುವುದಿಲ್ಲ. 4 ಒತ್ತುತ್ತಾಳೆ. ಮೂಲೆಗಳಲ್ಲಿ ‘ಸೇಫ್ ಮೋಡ್’ ಎಂದು ಬರೆದ ಕಪ್ಪು ಪರದೆ ನಿಲ್ಲುತ್ತದೆ. ಮೊದಲು ವರದಿ ಪೆನ್‌ಡ್ರೈವ್‌ಗೆ ಹೋಗುತ್ತದೆ, ಆಮೇಲೆ ಆ ಡ್ರೈವರ್ ಹೊರಗೆ ಹೋಗುತ್ತದೆ. ಮತ್ತೆ ಆರಂಭಿಸಿದಾಗ ಚುಕ್ಕಿಗಳು ಸುತ್ತಿ, ನಿಂತು, ಎಂದಿನ ಪರದೆ ತೆರೆಯುತ್ತದೆ.

“ಆಯ್ತೇನೇ?” ಎಂದು ತಾಯಿ ಕೇಳುತ್ತಾರೆ.

“ಆಯ್ತಮ್ಮಾ. ನಾಳೆ ಅಂಗಡಿಗೆ ಬರಲ್ಲ ಅಂತ ಹೇಳ್ಬಿಡು.”

ಪೆನ್‌ಡ್ರೈವ್ ಕಾಲೇಜಿನ ಚೀಲ ಸೇರುತ್ತದೆ. ಮೇಜಿನ ಮೇಲಿದ್ದ ಹಾಳೆಯನ್ನು ತಾಯಿ ಮಡಿಸಿ, ಕಂಪ್ಯೂಟರಿನ ಬಿಲ್ಲು ಇಟ್ಟಿರುವ ಕಡತದೊಳಗೆ ಸೇರಿಸಿಡುತ್ತಾರೆ.